ಟರ್ಬೊ ಇಲ್ಲದ ವ್ಯಾನಿನಲ್ಲಿ ಬೀಗರನ್ನು ಘಾಟಿ ಹತ್ತಿಸಿದ್ದು

ದೆಹಲಿಯ ಮಯೂರ್ ವಿಹಾರದಲ್ಲಿ ನಮ್ಮ ಸೊಸೈಟಿ ಗೇಟಿನ ಹತ್ತಿರ ಟ್ಯಾಕ್ಸಿ ನಿಲ್ಲಿಸಿಕೊಂಡು ಬಾಡಿಗೆ ಕಾಯುವ ಹುಡುಗರು ನನ್ನನ್ನು ಕಂಡರೆ "ಅಂಕಲ್, ಬೈಠೋ" ಎಂದು ಕುರ್ಚಿ ಸರಿಸಿ ಕೊಡುತ್ತಾರೆ. ಕುರ್ಚಿ ಕೊಟ್ಟ ತಪ್ಪಿಗೆ ಆಮೇಲೆ ನನ್ನ ಮಾತನ್ನೂ ಕೇಳಬೇಕಾಗುತ್ತದೆ. ಮೊನ್ನೆ ಅವರಲ್ಲೊಬ್ಬ ಲಡಾಖಿಗೆ ಹೋಗಿ ಬಂದು, ಘಾಟಿ ಹತ್ತಿದ್ದೇ ಗೊತ್ತಾಗಲಿಲ್ಲ, ಗಾಡಿ ಬೆಣ್ಣೆಯ ಹಾಗೆ ಹೋಯಿತು ಎಂದ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಚಿಪ್ಸ್ ಪೊಟ್ಟಣವಂತೆ. ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು. ಹತ್ತಿದ್ದೇ ಗೊತ್ತಾಗದವನಿಗೆ ಇಳಿದ ಮೇಲೆ ಹೇಳಿಕೊಳ್ಳಲು ಏನಿರುತ್ತದೆ? ಆ ಕೆಲಸವನ್ನು ನಾನೇ ಮಾಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಕೆಂಚಪ್ಪ, ಊರು ಹಿರಿಯೂರು. ದೆಹಲಿಯಲ್ಲಿ ಭಾಟಿಯಾ ಎಂಬುವವರ ವ್ಯಾನು ಓಡಿಸುತ್ತಿದ್ದೆ. ವಾರದ ದಿನಗಳಲ್ಲಿ ಆರ್.ಕೆ.ಪುರಂ ಕ್ವಾರ್ಟರ್ಸಿನಿಂದ ಸರ್ಕಾರಿ ನೌಕರರನ್ನು ಆಫೀಸಿಗೆ ಬಿಟ್ಟು ಸಂಜೆ ತಂದು ಇಳಿಸುವುದು. ಬೇಸಿಗೆ ರಜೆಯಲ್ಲಿ ಅದೇ ಜನರನ್ನು ಹೆಂಡತಿ ಮಕ್ಕಳ ಸಮೇತ ಹಿಮಾಚಲಕ್ಕೆ ಕರೆದೊಯ್ಯುವುದು. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ಡ್ರೈವರ್ ಆಗಿ ಹತ್ತಿದೆ, ಡ್ರೈವರ್ ಆಗಿಯೇ ಇಳಿದೆ.

ವ್ಯಾನು ಡೀಸೆಲ್ಲಿನದು, ಹಳೆಯದು, ಟರ್ಬೊ ಇಲ್ಲದ್ದು. ಟರ್ಬೊ ಎಂದರೆ ಇಂಜಿನ್ನಿಗೆ ಗಾಳಿ ತುರುಕುವ ಸಾಧನ. ಈಗಿನ ಗಾಡಿಗಳು ಅದನ್ನು ಹುಟ್ಟುವಾಗಲೇ ಪಡೆದುಕೊಂಡು ಬಂದಿವೆ. ನನ್ನದು ನಮ್ಮ ನಿಮ್ಮ ಹಾಗೆ ತನ್ನ ಉಸಿರನ್ನು ತಾನೇ ಎಳೆದುಕೊಳ್ಳಬೇಕು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಡೀಸೆಲ್ ಮಾತ್ರ ಅಷ್ಟೇ ಹೋಗುತ್ತಿರುತ್ತದೆ. ಉರಿಯಲು ಗಾಳಿ ಸಾಲದೆ ಅರ್ಧ ಡೀಸೆಲ್ಲು ಕಪ್ಪು ಹೊಗೆಯಾಗಿ ಹಿಂದಿನಿಂದ ಹೊರಬೀಳುತ್ತದೆ. ದೆಹಲಿಯಲ್ಲಿ ಹುಲಿಯಂತಿದ್ದ ಗಾಡಿ ಮೇಲೆ ಹೋದರೆ ಇಲಿ. ಹೊಸಬ ಏನು ಮಾಡುತ್ತಾನೆ? ಗಾಡಿ ಎಳೆಯುತ್ತಿಲ್ಲವೆಂದು ಇನ್ನೂ ಜೋರಾಗಿ ಆಕ್ಸಿಲರೇಟರ್ ಒತ್ತುತ್ತಾನೆ. ಒತ್ತಿದಷ್ಟೂ ಹೊಗೆ ಜಾಸ್ತಿ, ಬಿಸಿ ಜಾಸ್ತಿ, ವೇಗ ಅಷ್ಟೇ. ಹೊಗೆ ಕಂಡರೆ ಕಾಲು ಎತ್ತಬೇಕು, ಗೇರು ಇಳಿಸಬೇಕು. ಉಬ್ಬಸದವನನ್ನು ಓಡಿಸಿದರೆ ಬೀಳುತ್ತಾನೆ, ನಡೆಸಿದರೆ ಊರು ಸೇರುತ್ತಾನೆ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ಇದನ್ನು ಕಲಿಯಲು ಹಲವು ವರ್ಷ ಹಿಡಿಯಿತು.

ಕಲಿಸಬೇಕಾದವರೇ ಕೆಡಿಸಿದ್ದು ಹೆಚ್ಚು. ಭಾಟಿಯಾ ಅವರ ಮೆಕ್ಯಾನಿಕ್ ಒಬ್ಬನಿದ್ದ, ಉಸ್ತಾದ್ ಎಂದರೆ ಮಾತ್ರ ತಿರುಗಿ ನೋಡುತ್ತಿದ್ದ. ಮೊದಲ ಬೇಸಿಗೆಯಲ್ಲಿ ಗಾಡಿ ಬೆಟ್ಟಕ್ಕೆ ಹೊರಟಾಗ, "ಚಢಾಯಿ ಹೈ, ಜ್ಯಾದಾ ಖಾಯೇಗಿ," ಏರು ಹತ್ತಬೇಕಲ್ಲ, ಹೆಚ್ಚು ತಿನ್ನುತ್ತದೆ ಎಂದು ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಬರುವ ಹಾಗೆ ಮಾಡಿಟ್ಟ. ನಾವು ಮನಾಲಿ ದಾಟಿ ಮೇಲೆ ಹೋದಾಗ ಹಿಂದೆ ಬರುತ್ತಿದ್ದ ಗಾಡಿಗಳೆಲ್ಲ ಹಗಲಲ್ಲೇ ದೀಪ ಹಾಕಿಕೊಂಡವು. ಒಬ್ಬ ಕುರಿಯವನು ತನ್ನ ಮಂದೆ ಕಾಣದೆ ಅರ್ಧ ಗಂಟೆ ನಮ್ಮನ್ನು ಬೈದ. ಬೆಟ್ಟಕ್ಕೆ ಹೋಗುವಾಗ ಆ ಸ್ಕ್ರೂ ಇಳಿಸಬೇಕೇ ಹೊರತು ಏರಿಸಬಾರದು ಎಂದು ವಾಪಸು ಬಂದು ಹೇಳಿದೆ. ಉಸ್ತಾದ್ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ಪ್ರಯಾಣಿಕರಲ್ಲಿ ಮೇಲಧಿಕಾರಿಗಳೂ ಇರುತ್ತಿದ್ದರು. ಅವರು ರಜೆಯಲ್ಲಿದ್ದರೂ ಅವರ ಅಧಿಕಾರಕ್ಕೆ ರಜೆ ಇರುವುದಿಲ್ಲ. ಒಬ್ಬ ಸಾಹೇಬರು ಹೊಗೆ ನೋಡಿ ವಿಚಾರಣೆ ಶುರುಮಾಡಿದರು.

"ಏನಪ್ಪಾ ಇದು, ಯಾಕಿಷ್ಟು ಹೊಗೆ?"

"ಇಂಜಿನ್ನಿಗೆ ಗಾಳಿ ಸಾಲ್ತಾ ಇಲ್ಲ ಸಾರ್."

ಸ್ವಲ್ಪ ಯೋಚಿಸಿ, "ಹಾಗಾದ್ರೆ ಎಲ್ಲರೂ ಕಿಟಕಿ ತೆಗೀರಿ" ಎಂದು ಆಜ್ಞೆ ಮಾಡಿದರು. ತೆಗೆದರು. ಹೊಗೆ ಒಳಗೆ ಬಂತು. ಮತ್ತೆ ಮುಚ್ಚಿಸಿದರು. ಏನೋ ಒಂದು ಕ್ರಮ ಕೈಗೊಂಡ ನೆಮ್ಮದಿ ಅವರಿಗೆ.

ಚಳಿಗೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಇಂಜಿನ್ನಿನ ಅಡಿಗೆ ಕೆಂಡದ ಬಾಣಲೆ ಇಟ್ಟು ಆಯಿಲ್ ಬೆಚ್ಚಗೆ ಮಾಡಬೇಕಿತ್ತು. ಅದರ ಮೇಲೆ ಹಪ್ಪಳ ಸುಟ್ಟುಕೊಂಡ ಪುಣ್ಯಾತ್ಮರೂ ನಮ್ಮವರಲ್ಲಿದ್ದಾರೆ. ಡೀಸೆಲ್ ಟ್ಯಾಂಕು ಒಂದು ಮೊಳ ದೂರ. ನನ್ನ ತಲೆಗೂದಲು ಉದುರಿದ್ದಕ್ಕೆ ದೆಹಲಿಯ ನೀರು ಕಾರಣ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನಗೆ ಬೇರೆ ಕಾರಣಗಳು ಗೊತ್ತು.

ಇವೆಲ್ಲ ಪುಡಿ ಸಂಗತಿಗಳು. ಮರೆಯಲಾಗದ್ದು ಸುಮಾಳ ಮದುವೆಯ ಪ್ರಯಾಣ.

ಸುಮಾ ಆರ್.ಕೆ.ಪುರಂನ ಮೂರ್ತಿಗಳ ಮಗಳು. ಮೂರ್ತಿಗಳು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಸುಮಾ ಕೂಡ ಸರ್ಕಾರಿ ಕೆಲಸ ಹಿಡಿದು ವರ್ಷಗಟ್ಟಲೆ ನನ್ನ ವ್ಯಾನಿನಲ್ಲೇ ಆಫೀಸಿಗೆ ಹೋದವಳು. ನನ್ನ ಹಿಂದಿನ ಸೀಟು ಅವಳದು. ದೆಹಲಿಯಲ್ಲೇ ಬೆಳೆದ ಹುಡುಗಿ, ಕನ್ನಡ ಶುರುಮಾಡಿ ಹಿಂದಿಯಲ್ಲಿ ಮುಗಿಸುತ್ತಿದ್ದಳು. ಮನಸ್ಸಿನಲ್ಲಿದ್ದದ್ದು ನೇರ ಬಾಯಿಗೆ ಬರುತ್ತಿತ್ತು. ಆ ಬಾಯಿಂದಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯದು ಮೈಸೂರಿನವರು, ಹುಡುಗ ಮನಾಲಿಯ ಘಾಟಿಯಾಚೆ ಲಾಹೌಲ್ ಕಡೆ ರಸ್ತೆ ಕೆಲಸದ ಇಂಜಿನಿಯರ್. ದೆಹಲಿಯಲ್ಲಿ ಒಮ್ಮೆ ನೋಡಿ ಹೋಗಿದ್ದ, ಆಮೇಲೆ ಕಾಗದ ಬರೆಯುತ್ತಿದ್ದ. ಕಾಗದ ಬಂದ ದಿನ ನನಗೆ ಗೊತ್ತಾಗುತ್ತಿತ್ತು; ಅವತ್ತು ಅವಳು ಸಿಗ್ನಲ್ಲಿನಲ್ಲಿ ನನ್ನನ್ನು ಅವಸರ ಮಾಡುತ್ತಿರಲಿಲ್ಲ.

ಮದುವೆ ದೆಹಲಿಯಲ್ಲೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಆ ಕಡೆ ಸೇತುವೆಯೊಂದು ಕೊಚ್ಚಿಹೋಗಿ ಹುಡುಗನ ರಜೆ ರದ್ದಾಯಿತು. ಆಷಾಢಕ್ಕೆ ಮುಂಚೆ ಉಳಿದಿದ್ದದ್ದು ಒಂದೇ ಮುಹೂರ್ತ, ನಡು ಮಧ್ಯಾಹ್ನದ್ದು. ಹುಡುಗನ ತಾಯಿ ಲಲಿತಮ್ಮನವರು ಮೈಸೂರಿನಿಂದಲೇ ಹೇಳಿ ಕಳಿಸಿದರು: ಇದು ತಪ್ಪಿದರೆ ದೇವರ ಇಚ್ಛೆ ಇಲ್ಲವೆಂದು ತಿಳಿದು ಬೇರೆ ಕಡೆ ನೋಡುತ್ತೇವೆ. ಮೂರ್ತಿಗಳು ಹೌಹಾರಿದರು. ಹುಡುಗ ಇಳಿದು ಬರಲಾಗದಿದ್ದರೆ ಮದುವೆಯೇ ಹತ್ತಿಹೋಗಲಿ ಎಂದು ತೀರ್ಮಾನಿಸಿ ನನ್ನ ವ್ಯಾನು ಗೊತ್ತುಮಾಡಿದರು. ನಾನು ಮೊದಲೇ ಹೇಳಿದೆ: "ಸಾರ್, ಮೇಲೆ ಆ ಗಾಡಿ ಆರು ಜನರನ್ನ ಎಳೆದರೆ ಹೆಚ್ಚು."

"ನೋಡೋಣ ಕೆಂಚಪ್ಪ, ಹೆಚ್ಚು ಜನ ಇಲ್ಲ" ಎಂದರು. ಹತ್ತಿದವರು ಹನ್ನೊಂದು.

ಬೀಗರು ಎಂದರೆ ಲಲಿತಮ್ಮ ಮತ್ತು ಅವರ ಯಜಮಾನರು. ಲಲಿತಮ್ಮನವರದು ಗಟ್ಟಿ ಶರೀರ, ಅದಕ್ಕಿಂತ ಗಟ್ಟಿ ದನಿ. ಯಜಮಾನರು ಗಾತ್ರದಲ್ಲಿ ಹೆಂಡತಿಗೆ ಸರಿಜೋಡಿ, ಮಾತಿನಲ್ಲಿ ಮಾತ್ರ ಸೊನ್ನೆ. ದೆಹಲಿಯಿಂದ ಮನಾಲಿಯವರೆಗೆ ಅವರು ಬಾಯಿ ತೆರೆದದ್ದು ಊಟಕ್ಕೆ ಮಾತ್ರ. ಇಬ್ಬರಿಗೂ ಮುಂದಿನ ಸೀಟು. ಉಳಿದವರು ಮೂರ್ತಿಗಳು, ಅವರ ಹೆಂಡತಿ ಕಮಲಮ್ಮ, ಸುಮಾ, ಪುರೋಹಿತರು, ನೆಂಟರು, ಎಲ್ಲರ ತೊಡೆಯ ಮೇಲೆ ಅಕ್ಕಿ, ತೆಂಗಿನಕಾಯಿ, ಚಕ್ಕುಲಿ ಡಬ್ಬ. ದಾರಿಯುದ್ದಕ್ಕೂ ಮೂರ್ತಿಗಳು ಹಿಂದಿನಿಂದ ಬಗ್ಗಿ, "ಬೀಗರಿಗೆ ಗಾಳಿ ಬರ್ತಾ ಇದೆಯಾ? ಬೀಗರಿಗೆ ಬಿಸಿಲು ಹೊಡೀತಾ ಇಲ್ಲ ತಾನೆ?" ಎಂದು ಕೇಳುತ್ತಲೇ ಇದ್ದರು. ಈಗಿನ ಹಾಗೆ ಆಗ ಬೆಟ್ಟ ಕೊರೆದ ಸುರಂಗ ಇರಲಿಲ್ಲ. ಘಾಟಿಯ ನೆತ್ತಿ ಹತ್ತಿ ಆಚೆ ಇಳಿಯಲೇಬೇಕು.

ಮದುವೆಯ ದಿನ ಬೆಳಗಾಗುತ್ತಲೇ ಮನಾಲಿ ಬಿಟ್ಟೆವು. ಅರ್ಧ ಏರು ಹೇಗೋ ಬಂತು. ಆಮೇಲೆ ಎರಡನೇ ಗೇರು ಬಿಟ್ಟು ಒಂದಕ್ಕೆ ಬಂದೆ. ಒಂದರ ಕೆಳಗೆ ಗೇರಿಲ್ಲ, ದೇವರೇ ಗತಿ. ನೆತ್ತಿಗೆ ಇನ್ನು ಮೂರು ತಿರುವು ಇರುವಾಗ ಇಂಜಿನ್ ಗುಡುಗುಟ್ಟಿ ನಿಂತೇಬಿಟ್ಟಿತು. ಗಾಡಿ ಹಿಂದಕ್ಕೆ ಜಾರಲು ಶುರುವಾಯಿತು. ಬ್ರೇಕು ತುಳಿದು ಹಿಡಿದು, "ಯಾರಾದ್ರೂ ಚಕ್ರಕ್ಕೆ ಕಲ್ಲು ಕೊಡಿ" ಎಂದು ಕೂಗಿದೆ. ಸುಮಾ ಥಟ್ಟನೆ ಹಾರಿ ಹಿಂದಿನ ಸೀಟಿನ ಅಡಿಯಿಂದ ಗೋಣಿ ಸುತ್ತಿದ ಏನನ್ನೋ ಎಳೆದು ಚಕ್ರದ ಹಿಂದೆ ಹಾಕಿದಳು. ಗಾಡಿ ನಿಂತಿತು.

ಇಳಿದು ನೋಡಿದರೆ ಸಣೆಕಲ್ಲು. ಮಸಾಲೆ ಅರೆಯುವ ಸಣೆಕಲ್ಲು. ಸಪ್ತಪದಿ ಹೊತ್ತಿನಲ್ಲಿ ಮದುಮಗಳು ಕಲ್ಲು ಮೆಟ್ಟುವ ಶಾಸ್ತ್ರ ಇದೆಯಲ್ಲ, ಅದಕ್ಕೆಂದು ಕಮಲಮ್ಮನವರು ಆರ್.ಕೆ.ಪುರಂನ ಅಡುಗೆಮನೆಯಿಂದ ಹೊತ್ತು ತಂದಿದ್ದರು.

"ಅಮ್ಮಾ," ಎಂದೆ, "ಹಿಮಾಲಯಕ್ಕೆ ಕಲ್ಲು ತಂದಿದ್ದೀರಲ್ಲ."

"ಆ ಕಲ್ಲುಗಳು ನಮಗೇನು ಗೊತ್ತಪ್ಪ, ಯಾರು ಏನು ಮಾಡಿದ್ದಾರೋ. ಇದು ನನ್ನ ಮದುವೇಲಿ ಮೆಟ್ಟಿದ್ದು" ಎಂದರು. ಅದರ ಮೇಲೆ ಚಕ್ರ ಹತ್ತಿದ್ದನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಅದಿಲ್ಲದಿದ್ದರೆ ನಾವೆಲ್ಲ ಕೆಳಗಿನ ತಿರುವಿನಲ್ಲಿರುತ್ತಿದ್ದೆವು ಎಂದು ನಾನು ಹೇಳಿದ ಮೇಲೆ, ನೆಂಟರ ಕಡೆ ತಿರುಗಿ, "ಬೇಡ ಬೇಡ ಅಂದ್ರಲ್ಲ" ಎಂದು ದಬಾಯಿಸಿದರು.

ಇನ್ನು ಜನ ಇಳಿಯದೆ ದಾರಿಯಿರಲಿಲ್ಲ. ಹೆಣ್ಣಿನ ಕಡೆಯವರೆಲ್ಲ ಇಳಿದರು. ಪುರೋಹಿತರೂ ಇಳಿದರು. ಇಂಜಿನ್ ತಣ್ಣಗಾಗಲು ಬಿಟ್ಟು, ರೇಡಿಯೇಟರಿಗೆ ನೀರು ಹೊಯ್ದು, ಸ್ಟಾರ್ಟ್ ಮಾಡಿ ನಯವಾಗಿ ಕ್ಲಚ್ ಬಿಟ್ಟೆ. ಕಪ್ಪು ಹೊಗೆ ಬಂತು, ಗಾಡಿ ಒಂದು ಗೇಣು ಕದಲಿ ಮತ್ತೆ ಕಲ್ಲಿನ ಮೇಲೆ ಕೂತಿತು. ಮುಂದಿನ ಸೀಟಿನಲ್ಲಿ ಬೀಗರಿಬ್ಬರೂ ಗುಡಿಯ ವಿಗ್ರಹಗಳಂತೆ ಕೂತೇ ಇದ್ದರು.

ಮೂರ್ತಿಗಳನ್ನು ಪಕ್ಕಕ್ಕೆ ಕರೆದೆ. "ಸಾರ್, ಅವರಿಬ್ಬರೂ ಇಳೀಬೇಕು."

"ಏನು ಮಾತು ಅಂತ ಆಡ್ತೀಯಪ್ಪ? ಬೀಗರಿಗೆ ಇಳೀರಿ ಅನ್ನೋದಾ? ತಾಳಿ ಕಟ್ಟೋ ದಿನ ಬೀಗಿತ್ತಿ ಭಾರ ಅಂದ್ರೆ ಆ ಮದುವೆ ನಡೆಯುತ್ತಾ? ನಾನು ಬೇಕಾದ್ರೆ ತಳ್ತೀನಿ." ಆ ಗಾಳಿಯಲ್ಲಿ ನಾಲ್ಕು ಹೆಜ್ಜೆ ನಡೆದು ಬಂದದ್ದಕ್ಕೇ ಅವರಿಗೆ ಏದುಸಿರು. ಬಿಸಿಲು ಏರುತ್ತಿತ್ತು. ಸುಮಾ ರಸ್ತೆಯ ಅಂಚಿನಲ್ಲಿ ನಿಂತು ಮೇಲಿನ ತಿರುವು ನೋಡುತ್ತಿದ್ದಳು. ಕೈಯಲ್ಲಿ ಮದರಂಗಿ, ಮೇಲೆ ಅಪ್ಪನ ಕೋಟು. ಈ ಮುಹೂರ್ತ ತಪ್ಪಿದರೆ ಈ ಹುಡುಗಿಯ ಕಾಗದಗಳು ನಿಂತುಹೋಗುತ್ತವಲ್ಲ ಎಂದು ನನಗೆ ಸಂಕಟವಾಯಿತು.

ಆಗ ನನಗೊಂದು ಉಪಾಯ ಹೊಳೆಯಿತು. "ಸಾರ್, ಇಳೀರಿ ಅನ್ನಬೇಡಿ, ಎದುರುಗೊಳ್ಳಿ. ನೀವೆಲ್ಲ ಮುಂದೆ ಹೋಗಿ ಆ ತಿರುವಿನಲ್ಲಿ ಆರತಿ ಹಿಡಿದು ನಿಂತುಕೊಳ್ಳಿ. ಬೀಗರನ್ನ ಎದುರುಗೊಳ್ಳೋಕೆ ಬಂದಾಗ ಅವರು ಗಾಡಿ ಇಳಿದು ನಡೆದೇ ಬರಬೇಕಲ್ವಾ?"

ಮೂರ್ತಿಗಳ ಮುಖ ಅರಳಿತು. ಆಫೀಸಿನಲ್ಲಿ ಕಡತಕ್ಕೆ ದಾರಿ ಸಿಕ್ಕಾಗ ಅರಳುವ ಮುಖ ಅದು. ಪುರೋಹಿತರು, ಶಾಸ್ತ್ರದಲ್ಲಿ ಬಾಧಕವಿಲ್ಲ, ಬೇಗ ಮಾಡಿ ಎಂದರು. ಎಲ್ಲರೂ ತಟ್ಟೆ, ಚೊಂಬು, ಕುಂಕುಮ ಹಿಡಿದು ಏದುತ್ತ ಮೇಲೆ ಹೋದರು. ನಾನು ವಿನಯದಿಂದ ಬಾಗಿಲು ತೆಗೆದು, "ಅಮ್ಮ, ಮೇಲೆ ನಿಮ್ಮನ್ನ ಎದುರುಗೊಳ್ಳೋಕೆ ನಿಂತಿದ್ದಾರೆ" ಎಂದೆ. ಲಲಿತಮ್ಮ ನನ್ನನ್ನೂ ಸಣೆಕಲ್ಲನ್ನೂ ಒಮ್ಮೆ ನೋಡಿದರು. ಸೆರಗು ಸರಿಮಾಡಿಕೊಂಡು ಇಳಿದರು. ಹಿಂದೆ ಯಜಮಾನರು. ಗಾಡಿ ನಿಟ್ಟುಸಿರು ಬಿಟ್ಟು ಮೇಲೆದ್ದಿತು. ಸತ್ಯವಾಗಿ ಹೇಳುತ್ತೇನೆ, ಸ್ಪ್ರಿಂಗಿನ ಸದ್ದು ಕೇಳಿಸಿತು.

ಖಾಲಿ ಗಾಡಿಯನ್ನು ಕಾಲಿನ ತುದಿಯಲ್ಲಿ ಎಬ್ಬಿಸಿ, ಅವರ ಹಿಂದೆ ಹಿಂದೆಯೇ ನಡಿಗೆಯ ವೇಗದಲ್ಲಿ ತಂದೆ. ಇನ್ನೇನು ಗೆದ್ದೆವು ಅನ್ನುವಾಗ ತೊಡಕು ಬಿತ್ತು. ಆರತಿ ಹತ್ತಲಿಲ್ಲ. ಬಿರುಗಾಳಿ. ಕಮಲಮ್ಮ ಕಡ್ಡಿ ಗೀರುತ್ತಾರೆ, ಆರುತ್ತದೆ. ನೆಂಟರೆಲ್ಲ ಶಾಲು ಹಿಡಿದು ಗುಡಾರ ಮಾಡಿದರು, ಶಾಲು ಹಾರಿತು, ಕಡ್ಡಿ ಆರಿತು. ಆರತಿಯಾಗದೆ ಬೀಗರು ಹೆಜ್ಜೆ ಮುಂದಿಡುವಂತಿಲ್ಲ, ಅದೂ ಶಾಸ್ತ್ರ. ತಿರುವಿನಿಂದ ಹತ್ತು ಮಾರು ಕೆಳಗೆ ಲಲಿತಮ್ಮ ನಿಂತರು. ಅವರ ತುಟಿ ನೀಲಿಯಾಗುತ್ತಿತ್ತು. ಮೂರ್ತಿಗಳು ಬೀಗರ ಕಾಲು ತೊಳೆಯಲು ಚೊಂಬು ಹಿಡಿದು ಓಡಿಬಂದರು. ಹಿಮ ಕರಗಿದ ನೀರು ಅದು. ಆಗ ಯಜಮಾನರು ಆ ಪ್ರಯಾಣದ ತಮ್ಮ ಮೊದಲ ಮಾತನ್ನಾಡಿದರು.

"ಕಾಲು ತೊಳೆಯೋದು ಬೇಡ."

ಮೂರ್ತಿಗಳು ಅದನ್ನು ಸಿಟ್ಟು ಎಂದುಕೊಂಡು ಚೊಂಬು ಹಿಡಿದೇ ಹಿಂದೆ ಸರಿದರು. ನಾನೇ ಹೂಡಿದ ಉಪಾಯ ಕಣ್ಣೆದುರೇ ಉರುಳಾಯಿತು. ಹತ್ತುವಂತಿಲ್ಲ, ಇಳಿಯುವಂತಿಲ್ಲ, ಕಡ್ಡಿಪೆಟ್ಟಿಗೆ ಖಾಲಿಯಾಗುತ್ತಿದೆ, ಮುಹೂರ್ತ ಹೋಗುತ್ತಿದೆ.

ಸುಮಾ ಕೋಟು ಎತ್ತಿಹಿಡಿದು ಕೆಳಗೆ ಬಂದಳು. ಕಮಲಮ್ಮ ಹಿಂದಿನಿಂದ, "ಏ, ಮದುಮಗಳು ನೀನು, ಬರಬಾರದು" ಎನ್ನುತ್ತಲೇ ಇದ್ದರು. ಇವಳು ನೇರ ಲಲಿತಮ್ಮನವರ ಎದುರು ನಿಂತು ಹೇಳಿಯೇಬಿಟ್ಟಳು.

"ಅತ್ತೆ, ಇದು ಶಾಸ್ತ್ರ ಅಲ್ಲ. ಗಾಡಿ ನಮ್ಮನ್ನ ಎಳೀತಾ ಇಲ್ಲ, ನಿಮ್ಮನ್ನ ಇಳಿಸೋಕೆ ಯಾರಿಗೂ ಧೈರ್ಯ ಇಲ್ಲ, ಅದಕ್ಕೇ ಈ ನಾಟಕ. ದೀಪ ಹತ್ತಲ್ಲ. ನೀವು ಇಲ್ಲೇ ನಿಂತ್ರೆ ಬೀಮಾರ್ ಆಗ್ತೀರ. ಚಲೋ, ನನ್ನ ಕೈ ಹಿಡ್ಕೊಳ್ಳಿ, ನಿಧಾನಕ್ಕೆ ಹೋಗೋಣ."

ಮೂರ್ತಿಗಳ ಕೈಯಿಂದ ಚೊಂಬು ಬಿತ್ತು. ಅದು ಉರುಳುತ್ತ ಮೂರು ತಿರುವು ಕೆಳಗೆ ಹೋಯಿತು. ಮೂರನೆಯ ಸಂಬಂಧವೂ ಹೋಯಿತು ಎಂದು ನಾನು ಸ್ಟೀರಿಂಗಿಗೆ ಹಣೆ ಹಚ್ಚಿದೆ.

ಲಲಿತಮ್ಮ ಉಸಿರು ಸಾಲದೆ ಬಿಟ್ಟು ಬಿಟ್ಟು ಮಾತಾಡಿದರು. "ಬೆಳಗಿಂದ... ಇಳೀಬೇಕು ಇಳೀಬೇಕು ಅಂತ... ಒದ್ದಾಡ್ತಾ ಕೂತಿದ್ದೀನಿ. ಆ ಹೊಗೆಗೆ ನನಗೆ ಹೊಟ್ಟೆ ತೊಳಸ್ತಾ ಇತ್ತು. ಬೀಗಿತ್ತಿ ತಾನಾಗೇ ಇಳಿದು ನಡೆದ್ರೆ... ಹೆಣ್ಣಿನ ಕಡೆಯವರಿಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ದೆ. ಇಳೀರಿ ಅಂತ ಹೇಳೋಕೆ... ಇಷ್ಟು ಜನದಲ್ಲಿ ಒಬ್ಬರಿಗೂ ಬಾಯಿ ಇರಲಿಲ್ವಾ?"

"ನನಗಿತ್ತು," ಎಂದಳು ಸುಮಾ, "ಇವತ್ತೊಂದು ದಿನ ಮುಚ್ಚಿಕೊಂಡಿರು ಅಂತ ಅಪ್ಪ ಆಣೆ ಹಾಕಿಸಿದ್ರು."

ಲಲಿತಮ್ಮ ನಕ್ಕರು. ನಗುವುದಕ್ಕೂ ಅಲ್ಲಿ ಉಸಿರು ಬೇಕು, ಅರ್ಧಕ್ಕೆ ನಿಂತಿತು. ಅವಳ ಕೈ ಹಿಡಿದುಕೊಂಡರು. ನಾಲ್ಕು ಹೆಜ್ಜೆ ನಡೆಯುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಆರತಿ ತಟ್ಟೆಯನ್ನು ದಾಟಿ ಹಾಗೇ ಮೇಲೆ ಹೋದರು. ನಾನು ಹಿಂದಿನಿಂದ ಒಂದನೇ ಗೇರಿನಲ್ಲಿ. ಗಾಡಿಯೂ ಅವರೂ ಒಂದೇ ರೀತಿ ಹತ್ತುತ್ತಿದ್ದರು, ಯಾರಿಗೂ ಅವಸರವಿರಲಿಲ್ಲ. ಹೊಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಆ ವ್ಯಾನು ಓಡಿಸಿದ್ದಿಲ್ಲ.

ನೆತ್ತಿಯಲ್ಲಿ ಎಲ್ಲರನ್ನೂ ಮತ್ತೆ ಹತ್ತಿಸಿಕೊಂಡೆ. ಅಲ್ಲಿಂದ ಆಚೆ ಇಳಿಜಾರು, ಇಂಜಿನ್ನಿಗೆ ಕೆಲಸವಿಲ್ಲ, ಬ್ರೇಕಿಗೆ ಮಾತ್ರ. ಇಳಿಜಾರಿನಲ್ಲಿ ಮೇಲಿನ ಗೇರಿಗೆ ಹಾಕಿ ಬ್ರೇಕು ನಂಬಿಕೊಂಡು ಬರಬೇಡಿ, ಹತ್ತಿದ ಗೇರಿನಲ್ಲೇ ಇಳಿಯಿರಿ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು ಹಾಗೆಯೇ ಇಳಿದೆ, ಹಿಂದಿನಿಂದ ಮೂರ್ತಿಗಳು ಎಷ್ಟು ಗೋಳಾಡಿದರೂ ವೇಗ ಹೆಚ್ಚಿಸಲಿಲ್ಲ. ರಸ್ತೆ ಕೆಲಸದವರ ಕ್ಯಾಂಪು ಸೇರಿದಾಗ ತಗಡಿನ ಶೆಡ್ಡಿಗೆ ಮಾವಿನೆಲೆ ಸಿಗದೆ ಯಾವುದೋ ಮರದ ಸೊಪ್ಪು ಕಟ್ಟಿ, ಹುಡುಗ ಪಂಚೆಯ ಮೇಲೆ ಜರ್ಕಿನ್ ಹಾಕಿಕೊಂಡು ಹೊರಗೇ ನಿಂತಿದ್ದ. ಸುಮಾಳನ್ನು ನೋಡಿದ. ನಮ್ಮೆಲ್ಲರ ಮುಖಕ್ಕೆ ಮಸಿ ಹತ್ತಿತ್ತು, ಅವಳದ್ದಕ್ಕೂ. ಅವನಿಗೆ ಅದೇನೂ ಕಂಡಂತಿರಲಿಲ್ಲ.

ಪುರೋಹಿತರು ಕೈಗಡಿಯಾರ ನೋಡಿ ತಲೆ ಅಲ್ಲಾಡಿಸಿದರು. "ಮುಹೂರ್ತ ಮೀರಿಹೋಯ್ತಲ್ಲ."

ಮೂರ್ತಿಗಳು ಅಲ್ಲೇ ಒಂದು ಡಾಂಬರು ಡ್ರಮ್ಮಿನ ಮೇಲೆ ಕುಸಿದು ಕೂತರು. ಕಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಇದು ತಪ್ಪಿದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದವರ ಮುಖವನ್ನೇ ಎಲ್ಲರೂ ನೋಡಿದೆವು. ಸುಮಾ ಮಾತ್ರ ನೆಲ ನೋಡುತ್ತಿದ್ದಳು. 

ಲಲಿತಮ್ಮ ನನ್ನ ಕಡೆ ತಿರುಗಿದರು. "ಏನಪ್ಪಾ ಡ್ರೈವರ್, ಮೇಲೆ ನಾನು ಇವಳ ಕೈ ಹಿಡಿದೆನಲ್ಲ, ಆಗ ಮುಹೂರ್ತ ಇತ್ತೋ, ಮೀರಿತ್ತೋ?"

ನಾನು ಗಡಿಯಾರ ನೋಡಿರಲಿಲ್ಲ. ಆ ತಿರುವಿನಲ್ಲಿ ಯಾವ ಡ್ರೈವರೂ ನೋಡುವುದಿಲ್ಲ. "ಸರಿಯಾಗಿ ಮುಹೂರ್ತದಲ್ಲೇ ಅಮ್ಮ" ಎಂದೆ.

"ಕೇಳಿದ್ರಾ ಪುರೋಹಿತರೇ? ಪಾಣಿಗ್ರಹಣ ಮೇಲೇ ಆಗಿಹೋಗಿದೆ. ನಾನು ಹಿಡಿದ ಕೈ ಬಿಡೋದಿಲ್ಲ. ನನ್ನ ಮಗನಿಗೂ ಒಂದು ಸಲ ಹಿಡಿಸಿ, ಉಳಿದ ಮಂತ್ರ ಹೇಳಿ ಮುಗಿಸಿ" ಎಂದರು.